ತುರ್ಕಿ ಕೋವಿಯೂ ಬಾಗಿಲ ಹಿಂದಿನ ಕೋಟೂ

ವಾಲ್ಸಿನ್ ಮೊ ನನ್ನ ಮೈದುನ, ನನ್ನ ಗಂಡ ಅಡ್ಲಿಯ ಬೆನ್ನಿಗೆ ಹುಟ್ಟಿದವನು. ಅವನ ಎಡಗೈಯಲ್ಲಿ ಈಗ ಮೂರೇ ಬೆರಳು. ಉಳಿದೆರಡು ಏನಾದವು ಎಂದು ಗೇಡನ್ ಊರಿನಿಂದ ಸಮುದ್ರದ ತನಕ ಯಾರನ್ನು ಕೇಳಿದರೂ "ಅಗ್ಗದ ತುರ್ಕಿ ಕೋವಿ ತಿಂದುಬಿಡ್ತು" ಅನ್ನುತ್ತಿದ್ದರು. ಅದು ಹಾಗಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಆ ಎಡಗೈ ಬೇರೆಯವರ ಕೈ ಹಾಗಿರಲಿಲ್ಲ. ವಾಲ್ಸಿನ್ ಹುಟ್ಟಾ ಎಡಚ. ಗಳ ಹಾಕಿ ದೋಣಿ ತಳ್ಳುವುದು, ಸೈಪ್ರೆಸ್ ಮರದ ಬೇರು ಕೆತ್ತಿ, ಹಕ್ಕಿಗಳನ್ನು ಮರುಳು ಮಾಡಿ ಇಳಿಸುವ ಮರದ ಬಾತು ಮಾಡುವುದು, ಎಲ್ಲ ಆ ಕೈಯಲ್ಲೇ. ಕೋವಿ ಮಾತ್ರ ಬಲ ಹೆಗಲಿಗೆ, ಯಾಕೆಂದರೆ ಅವನು ಹೊಡೆಯಲು ಕಲಿತ ಅಪ್ಪನ ಕೋವಿ ಹಾಗಿತ್ತು. ಹಾಗಾಗಿ ಗುರಿ ಹಿಡಿಯುವಾಗ ನಳಿಗೆಯ ಕೆಳಗೆ ಬರುತ್ತಿದ್ದದ್ದು ಆ ಎಡಗೈಯೇ. ಅವನು ಕೆತ್ತಿದ ಬಾತುಗಳನ್ನು ನೀರಿಗೆ ಬಿಟ್ಟರೆ ಹದ್ದು ಬಂದು ಎರಗಿದ್ದನ್ನು ನಾನೇ ನೋಡಿದ್ದೇನೆ. ಹದ್ದು ಕೊಕ್ಕು ಮುರಿಸಿಕೊಂಡು ಹೋಯಿತು ಎಂದು ಅವನು ಹೇಳುತ್ತಿದ್ದ. ಅಷ್ಟು ಸುಳ್ಳು ಬೆರೆಸದೆ ಅವನು ಯಾವ ಮಾತೂ ಆಡಿದವನಲ್ಲ.

ಬೇಸಿಗೆಯಲ್ಲಿ ಅವನಿಗೆ ಭತ್ತದ ಗದ್ದೆಗೆ ನೀರು ಬಿಡುವ ಕೆಲಸ, ಚಳಿಗಾಲದಲ್ಲಿ ಎಲ್ರಿಕ್ ಫ್ರೂಜೆಯ ಬೇಟೆಯ ಕ್ಯಾಂಪಿನಲ್ಲಿ ದೋಣಿಯ ಕೆಲಸ. ಪಟ್ಟಣದಿಂದ ಬರುವ ಗಿರಾಕಿಗಳನ್ನು ಬೆಳಕು ಹರಿಯುವ ಮೊದಲೇ ಜೌಗಿನೊಳಗೆ ಬೇಟೆಗಾರರು ಅಡಗಿ ಕೂರುವ ಹುಲ್ಲಿನ ಮರೆಗೆ ಕರೆದೊಯ್ಯಬೇಕು, ಬಾತುಗಳನ್ನು ಕೂಗಿ ಕರೆಯಬೇಕು, ಗಾಯವಾಗಿ ಈಜಿ ಹೋಗುವ ಬಾತನ್ನು ತಾನೇ ಹೊಡೆದು ಮುಗಿಸಬೇಕು. ನಾನು ಅದೇ ಕ್ಯಾಂಪಿನ ಹಿಂದಿನ ಶೆಡ್ಡಿನಲ್ಲಿ ಗರಿ ಕೀಳುತ್ತೇನೆ, ಅಡಿಗೆಗೆ ಕೈ ಹಾಕುತ್ತೇನೆ. ವಾಲ್ಸಿನ್‌ಗೆ ದೋಣಿ ಅಂದರೆ ಪ್ರಾಣ. ಬೇಸಿಗೆಯೆಲ್ಲ ಅವನು ಬರೀ ಕಾಯುತ್ತಿದ್ದ, ಅಷ್ಟೇ.

ಅವನ ಹಳೆಯ ಕೋವಿ ಇಟಲಿಯದು. ತಾನೇ ಚಿಪ್ಪು ಉಗುಳಿ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಜಾತಿ. ಮದುವೆಯ ವರ್ಷ ಎರಡು ಹಸು ಮಾರಿ ತಂದದ್ದು. ಅದು ಎತ್ತಿದರೆ ತಾನೇ ಹೆಗಲಿಗೆ ಬಂದು ಕೂರುತ್ತಿತ್ತು. ಕೆಸರಿಗೆ ಬಿದ್ದರೆ ಅದೇ ನೀರಿನಲ್ಲಿ ಜಾಲಿಸಿ ಮತ್ತೆ ಹೊಡೆಯುತ್ತಿದ್ದ. ಹಗುರದ ತೋಟಾ, ಭಾರದ ತೋಟಾ ಎಂಬ ಭೇದ ಅದಕ್ಕಿರಲಿಲ್ಲ, ಕೊಟ್ಟದ್ದನ್ನು ಉಣ್ಣುವ ಮಗುವಿನ ಹಾಗೆ. ಆಮೇಲೆ ಒಂದು ದೊಡ್ಡ ಬಿರುಗಾಳಿ ಬಂತು. ಉಪ್ಪುನೀರು ಮನೆಯೊಳಗೆ ಕಿಟಕಿಯ ಮಟ್ಟಕ್ಕೆ ನಿಂತಿತು. ನೀರು ಇಳಿದು ನಾವು ಹಿಂತಿರುಗಿದಾಗ ಕೋವಿ ಕಪಾಟಿನಲ್ಲೇ ಇತ್ತು, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದನ್ನು ಅವನು ಹೂಳಿದ. ನಗಬೇಡಿ, ಹಿತ್ತಲಿನ ಅಂಜೂರದ ಬುಡದಲ್ಲಿ ನಿಜವಾಗಿಯೂ ಹೂಳಿದ.

ತುರ್ಕಿಯದು ಬಂದದ್ದು ಆಗ. ಬೆಲೆಯಲ್ಲಿ ಇಟಲಿಯದರ ಮೂರರಲ್ಲೊಂದು ಪಾಲು. ಹೊರಗಿನಿಂದ ನೋಡಿದರೆ ಎರಡೂ ಅಕ್ಕತಂಗಿಯರು. ಅಡಿಗೆಮನೆಯ ಮೇಜಿನ ಮೇಲೆ ಹಳೆ ಟವೆಲು ಹಾಸಿ ಅದನ್ನು ಬಿಚ್ಚಿದ. ಒಳಗೆ ಅರ ಉಜ್ಜಿದ ಗುರುತು ಹಾಗೇ ಇತ್ತು. ತೋಟಾ ತುಂಬುವ ಬಾಯಿ ಹೆಬ್ಬೆರಳಿನ ಚರ್ಮ ಕಚ್ಚುತ್ತಿತ್ತು. ಅವನು ವಾರವೆಲ್ಲ ಎಣ್ಣೆಕಲ್ಲಿನಲ್ಲಿ ಆ ಅಂಚುಗಳನ್ನು ಸವೆಸುತ್ತ ಕೂತ. ಹೊರಗೆ ಹೊಡೆದು ನೋಡಿದಾಗ ಭಾರದ ತೋಟಾ ಸರಿಯಾಗಿ ನಡೆಯಿತು. ಹಗುರದ್ದು ಹಾಕಿದರೆ ಖಾಲಿ ಚಿಪ್ಪನ್ನು ಪೂರ್ತಿ ಉಗುಳದೆ ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು.

ಕ್ಯಾಂಪಿನ ಇನ್ನೊಬ್ಬ ದೋಣಿಯವನು ಟಿ-ಜೂಲ್, ಇಟಲಿ ಕೋವಿಯವನು. ಅವನ ನಾಲಿಗೆ ಮನೆಯಲ್ಲಿ ನಿಲ್ಲುವುದಿಲ್ಲ.

"ಏನೋ ವಾಲ್ಸಿನ್, ಹೊಡೆಯೋ ಮುಂಚೆ ಇದಕ್ಕೆ ಕಾಫಿ ಕೊಟ್ಟು ಎಬ್ಬಿಸ್ಬೇಕಾ?"

"ನಿನ್ನ ಹೆಂಡ್ತಿ ನಿನ್ನ ಎಬ್ಬಿಸ್ತಾಳಲ್ಲ, ಹಂಗೆ. ಒಂದು ಒದೆ ಸಾಕು."

"ಬಾ, ಪಕ್ಕಪಕ್ಕ ಹೊಡೆದು ನೋಡೋಣ."

ಗದ್ದೆಯ ಬದುವಿನ ಮೇಲೆ ಎರಡು ಖಾಲಿ ಭತ್ತದ ಚೀಲ ನೇತುಹಾಕಿ, ಒಂದಕ್ಕೆ ಅವನು, ಒಂದಕ್ಕೆ ಇವನು ಹೊಡೆದರು. ಆಮೇಲೆ ಚೀಲ ತಂದು ನನ್ನ ಮುಂದೆ ಹಿಡಿದರು. "ಅತ್ತಿಗೆ, ಯಾವುದು ಇಟಲಿ, ಯಾವುದು ತುರ್ಕಿ, ಹೇಳಿ." ಚರೆ ಬಿದ್ದ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡೂ ಒಂದೇ ಜರಡಿ. ಹೇಳಲಾಗಲಿಲ್ಲ.

"ನೋಡಿದ್ಯಾ? ಬಾತಿಗೆ ರೇಟು ಗೊತ್ತಾಗಲ್ಲ" ಎಂದ ವಾಲ್ಸಿನ್.

ಎಲ್ರಿಕ್ ಫ್ರೂಜೆ ದೂರದಲ್ಲಿ ನಿಂತು ನೋಡುತ್ತಿದ್ದ. ಹತ್ತಿರ ಬಂದು ಮೆಲ್ಲಗೆ ಹೇಳಿದ. "ವಾಲ್ಸಿನ್, ನಿನ್ನ ಗುರಿ ಬಗ್ಗೆ ನಾನೇನೂ ಹೇಳಲ್ಲ. ಆದ್ರೆ ನಮ್ಮ ಗಿರಾಕಿಗಳು ಹೂಸ್ಟನ್ನಿಂದ ಬರೋರು, ಅವ್ರ ಕೈಲಿರೋದೆಲ್ಲ ಇಟಲಿ. ಒಂದೇ ಒಂದು ಸಲ ಅವ್ರ ಮುಂದೆ ಇದು ನಿಂತುಹೋದ್ರೆ ನೀನು ದೋಣಿ ಇಳಿಬೇಕಾಗುತ್ತೆ. ಆಮೇಲೆ ನನ್ನ ಬೈಬೇಡ."

"ನಿಲ್ಲಲ್ಲ, ಮಿಸ್ಟರ್ ಎಲ್ರಿಕ್."

ನಿಲ್ಲಲ್ಲ ಎಂದು ಹೇಳಿಬಿಟ್ಟ. ಅಂದಿನಿಂದ ಅದು ನಿಂತರೂ ನಿಂತದ್ದು ಯಾರಿಗೂ ಕಾಣದ ಹಾಗೆ ನೋಡಿಕೊಳ್ಳುವುದೇ ಅವನ ಚಿಂತೆಯಾಯಿತು.

ಭಾರದ ತೋಟಾ ಹಾಕಿದಾಗಲೂ ಅದು ನಿಲ್ಲುತ್ತಿದ್ದ ಬಗೆ ಇದು. ಈ ಜಾತಿಯ ಕೋವಿಯಲ್ಲಿ ತೋಟಾ ಹಾಕಿ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡನ್ನು, ಧಡ್ ಎಂದು ಮುಚ್ಚಲು ಬಿಡಬೇಕು. ಬಾತುಗಳು ತಲೆಯ ಮೇಲೇ ಸುತ್ತುತ್ತಿರುವಾಗ ಆ ಸದ್ದು ಆಗಬಾರದೆಂದು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚಿದರೆ, ಬೋಲ್ಟು ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಕ್ಲಿಕ್. ಬರೀ ಕ್ಲಿಕ್. ಇಟಲಿಯದಕ್ಕೂ ಈ ಕಾಯಿಲೆ ಉಂಟು, ಆದರೆ ಅದರ ಸ್ಪ್ರಿಂಗು ಗಟ್ಟಿ, ಅಪರೂಪಕ್ಕೆ ಆಗುತ್ತದೆ. ತುರ್ಕಿಯದಕ್ಕೆ ದಿನಾ ಬೆಳಿಗ್ಗೆ ಆಗುತ್ತಿತ್ತು. ಮದ್ದು ಒಂದೇ. ಬೋಲ್ಟಿನ ಹಿಡಿ ಎಳೆದು ಬಿಡಬೇಕು. ಒಳಗಿನ ತೋಟಾ ಹಾರಿ ನೀರಿಗೆ ಬೀಳುತ್ತದೆ, ಕೋವಿಯ ಹೊಟ್ಟೆಯಲ್ಲಿ, ಅಂದರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ, ತುಂಬಿಟ್ಟ ಮುಂದಿನ ತೋಟಾ ಮೇಲೆ ಬರುತ್ತದೆ. ವಾಲ್ಸಿನ್ ಇದನ್ನು ಎಷ್ಟು ಬೇಗ ಕಲಿತನೆಂದರೆ ಪಕ್ಕದಲ್ಲಿ ಕೂತ ಗಿರಾಕಿಗೂ ತಿಳಿಯುತ್ತಿರಲಿಲ್ಲ. ಕ್ಲಿಕ್ ಅಂದರೆ ಎಳೆ, ಬಿಡು, ಹೊಡೆ. ನೀರಿಗೆ ಬಿದ್ದ ತೋಟಾವನ್ನು ಬಿಸಿಲೇರಿದ ಮೇಲೆ ಹುಡುಕಿ ತರುತ್ತಿದ್ದ. ಅವನ ಹೆಂಡತಿ ಲರ್ಲಿನ್ ಅವನ್ನು ಒಲೆಯ ಹತ್ತಿರ ಒಣಗಲು ಇಡುವಳು.

"ಇವತ್ತೂ ಕ್ಲಿಕ್ಕಾ?" ಅನ್ನುವಳು.

"ಅದು ಕೆಮ್ಮುತ್ತೆ ಅಷ್ಟೇ. ಕೆಮ್ಮಿದ್ಮೇಲೆ ಹಾಡುತ್ತೆ."

"ಕೆಮ್ಮು ಅಂತ ಬಿಟ್ಟೋರೆಲ್ಲ ಎಲ್ಲಿಗೆ ಹೋದ್ರು ಗೊತ್ತಲ್ಲ, ಮುದುಕ?"

ಅವನು ನಕ್ಕ. ನಾನೂ ನಕ್ಕೆ. ಆದರೆ ಬಾಗಿಲು ತಟ್ಟಿದ್ದು ಯಾರೆಂದು ನೋಡದೆ ಬಾಗಿಲು ತೆಗೆಯುವ ಅಭ್ಯಾಸ ಯಾವ ಮನೆಗೂ ಒಳ್ಳೆಯದಲ್ಲ, ಕ್ಲಿಕ್ ಯಾಕೆ ಬಂತೆಂದು ನೋಡದೆ ಹಿಡಿ ಎಳೆಯುವುದೂ ಹಾಗೇ.

ಈಗ ಕೋಟಿನ ವಿಷಯ. ನಮ್ಮ ಕಡೆ ಹಿಂಬಾಗಿಲ ಮೊಳೆಯಲ್ಲಿ ತೂಗುವ ಬೇಟೆಯ ಕೋಟು ಇಂಥವರದೆಂದು ಇರುವುದಿಲ್ಲ. ಯಾರು ಮೊದಲು ಹೊರಗೆ ಹೊರಡುತ್ತಾರೋ ಅವರದು. ಅಪ್ಪ ಹಾಕುತ್ತಾನೆ, ಹೆಂಡತಿ ಹಾಕುತ್ತಾಳೆ, ಸೌದೆ ತರಲು ಹೋಗುವ ನಂಟನೂ ಹಾಕುತ್ತಾನೆ. ಜೇಬಿನಲ್ಲಿ ಬಾತು ಕರೆಯುವ ಪೀಪಿ, ಚಾಕು, ಅರ್ಧ ತಿಂದ ಬಿಸ್ಕತ್ತು, ತೋಟಾ ಎಲ್ಲ ಒಟ್ಟಿಗೆ ಇರುತ್ತವೆ. ಜೇಬು ಬರಿದು ಮಾಡಿಟ್ಟರೆ ಮನೆಗೆ ಬಡತನ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು.

ಲರ್ಲಿನ್‌ಗೆ ಅವಳದೇ ಒಂದು ಸಣ್ಣ ಕೋವಿ ಇತ್ತು. ಇಪ್ಪತ್ತು ನಂಬರಿನ ಕೋವಿ. ಗಂಡಸರದ್ದು ಹನ್ನೆರಡರದ್ದು. ಇಲ್ಲಿ ಲೆಕ್ಕ ತಲೆಕೆಳಗು, ನಂಬರು ದೊಡ್ಡದಾದಷ್ಟೂ ತೋಟಾ ಸಣ್ಣದು. ಡಬ್ಬಿಯ ಮೇಲಿನ ಬರಹ ನನಗೆ ಬೇಡ, ಬಣ್ಣ ಸಾಕು. ಇಪ್ಪತ್ತರದ್ದು ಹಳದಿ, ವಾಲ್ಸಿನ್‌ನ ಹನ್ನೆರಡರದ್ದು ಕೆಂಪು. ಹಳದಿ ಬಣ್ಣ ಹಾಕುವುದೇ ಎರಡೂ ಬೆರೆಯಬಾರದೆಂದು. ಆದರೆ ಬಣ್ಣ ಕಾಣಲು ಬೆಳಕು ಬೇಕು.

ಆ ವರ್ಷ ಬೇಟೆಯ ಕಾಲ ಶುರುವಾಗುವ ಹಿಂದಿನ ಮಧ್ಯಾಹ್ನ ಬಡಗಣ ಗಾಳಿ ಬೀಸಿತು. ಕೊಳದ ಮೇಲೆ ನೀರುಕೋಳಿಗಳು ಕಪ್ಪಗೆ ಕೂತಿದ್ದವು. ಅವುಗಳನ್ನು ಹೊಡೆಯಲು ಆಗಲೇ ಅನುಮತಿ ಇತ್ತು. ಲರ್ಲಿನ್ ಬಾಗಿಲ ಹಿಂದಿನ ಕೋಟು ಹಾಕಿಕೊಂಡು, ಹಳದಿ ತೋಟಾ ಒಂದು ಹಿಡಿ ಜೇಬಿಗೆ ಸುರಿದುಕೊಂಡು ಹೊರಟಳು. ರಾತ್ರಿಯ ಗಂಬೊ ಸಾರಿಗೆ ಸಾಕಾಗುವಷ್ಟು ಹೊಡೆದು ತಂದಳು. ನಾನೇ ಸುಲಿದೆ. ಕೋಟು ಮತ್ತೆ ಮೊಳೆಗೆ ಹೋಯಿತು. ಗಂಬೊ ತುಂಬ ಚೆನ್ನಾಗಿತ್ತು. ವಾಲ್ಸಿನ್ ಎರಡು ಸಲ ಹಾಕಿಸಿಕೊಂಡ. ಆ ಮನೆಯಲ್ಲಿ ಅದೇ ಕೊನೆಯ ನೀರುಕೋಳಿ ಗಂಬೊ.

ಬೆಳಗಿನ ಜಾವ ಅವನು ಅದೇ ಕೋಟು ಹಾಕಿಕೊಂಡ. ಮೇಲಿನಿಂದ ಕೆಂಪು ತೋಟಾ ತುಂಬಿಸಿ, ಜೇಬು ತಟ್ಟಿ ನೋಡಿ, "ಇವತ್ತು ಭಾರ ಆಗಿದೆ, ಒಳ್ಳೇ ಶಕುನ" ಎಂದ. ಕ್ಯಾಂಪಿನಲ್ಲಿ ನನ್ನ ಕೈಯಿಂದ ಕಾಫಿ ಕುಡಿದು ದೋಣಿ ಹತ್ತಿದ.

ಮರೆಯೊಳಗೆ ಏನಾಯಿತೆಂದು ಆಮೇಲೆ ಗಿರಾಕಿಯೇ ಹೇಳಿದ. ಅವನು ಹೂಸ್ಟನ್ನಿನ ಹಲ್ಲಿನ ಡಾಕ್ಟರು. ಕೆನ್ನೆಯಲ್ಲಿ ಮದ್ದಿನ ಕರಿ ಚುಕ್ಕೆಗಳಿದ್ದವು. ಕಾನೂನಿನ ಪ್ರಕಾರ ಹೊಡೆಯಬಹುದಾದ ಹೊತ್ತು ಬಂದಿತ್ತು, ಆದರೆ ಎದುರಿನ ಹುಲ್ಲು ಇನ್ನೂ ಕಪ್ಪಗೇ ಇತ್ತಂತೆ. ವಾಲ್ಸಿನ್ ಕೈಗವಸು ಹಾಕಿದ ಕೈಯಲ್ಲೇ ಜೇಬಿನಿಂದ ತೋಟಾ ತೆಗೆದು, ಒಂದನ್ನು ಕೋವಿಯ ಬದಿಯ ಬಾಯಿಗೆ ಹಾಕಿ, ಬೋಲ್ಟು ಮೆಲ್ಲಗೆ ಮುಚ್ಚಿ, ಉಳಿದದ್ದನ್ನು ಹೊಟ್ಟೆಗೆ ತುಂಬಿಸಿದ. ಬಾತುಗಳು ಬಂದವು. ಡಾಕ್ಟರು ಹೊಡೆದ. ಒಂದು ಗಂಡು ಬಾತು ರೆಕ್ಕೆ ಮುರಿದು ನೀರಿಗೆ ಬಿದ್ದು ಈಜತೊಡಗಿತು. ವಾಲ್ಸಿನ್ ಎದ್ದು ಗುರಿ ಹಿಡಿದ.

ಕ್ಲಿಕ್.

"ನಾನು ಅವರ ಕಡೆ ತಿರುಗಿ ನೋಡಿದೆ ಅಷ್ಟೇ. ನಾನು ನೋಡಿದ್ದು ಅವರಿಗೆ ಕಂಡಿತು. ತಕ್ಷಣ ಹಿಡಿ ಎಳೆದು ಬಿಟ್ಟರು" ಎಂದ ಡಾಕ್ಟರು.

ಎಳೆದಾಗ ಏನೂ ಹಾರಿ ಬೀಳಲಿಲ್ಲ. ಕತ್ತಲಲ್ಲಿ ನೀರಿಗೆ ಬಿತ್ತೆಂದುಕೊಂಡಿರಬೇಕು. ಯಾವಾಗಲೂ ಬೀಳುತ್ತಿತ್ತಲ್ಲ. ಮತ್ತೆ ಟ್ರಿಗರ್ ಎಳೆದ.

ನಾನು ಶೆಡ್ಡಿನಲ್ಲಿ ನೀರು ಕಾಯಿಸುತ್ತಿದ್ದೆ. ಕೋವಿಯ ಸದ್ದು ಗದ್ದೆಯ ಮೇಲೆ ಉರುಳಿಕೊಂಡು ಬರುತ್ತದೆ, ಬಂದು ಕ್ಯಾಂಪು ದಾಟಿ ಹೋಗುತ್ತದೆ. ಇದು ಉರುಳಲಿಲ್ಲ. ತಗಡು ಹರಿದ ಹಾಗೆ ಒಂದು ಸದ್ದು ಬಂತು, ಅಲ್ಲೇ ನಿಂತಿತು. ಆಮೇಲೆ ಜೌಗಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಟಿ-ಜೂಲ್ ಅವನನ್ನು ದೋಣಿಯಲ್ಲಿ ಮಲಗಿಸಿಕೊಂಡು ಬಂದ. ಕೈಗೆ ತನ್ನ ಅಂಗಿ ಸುತ್ತಿದ್ದ. ಲರ್ಲಿನ್ ಗಾಡಿಯಲ್ಲಿ ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಲಫಾಯೆಟ್ಟಿನ ಆಸ್ಪತ್ರೆಗೆ ಹೋದಳು. ಕೋಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗಿದ್ದರು. ತಣ್ಣೀರಲ್ಲಿ ರಕ್ತ ಬಿಡಿಸುವ ಮೊದಲು ಜೇಬು ಬರಿದು ಮಾಡಿದೆ. ಕೆಂಪು, ಕೆಂಪು, ಹಳದಿ. ಮತ್ತೆ ಕೆಂಪು. ಮತ್ತೆ ಹಳದಿ.

ಬಕೆಟ್ಟಿನ ಪಕ್ಕ ಕೂತುಬಿಟ್ಟೆ. ಸಣ್ಣ ತೋಟಾ ದೊಡ್ಡ ಕೋವಿಯ ಬಾಯಿಗೆ ಬಿದ್ದರೆ ಅಲ್ಲಿ ನಿಲ್ಲುವುದಿಲ್ಲ. ಜಾರಿ ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಬೋಲ್ಟು ಖಾಲಿ ಜಾಗದ ಮೇಲೆ ಮುಚ್ಚುತ್ತದೆ. ಆಗಲೂ ಬರುವ ಸದ್ದು ಅದೇ ಕ್ಲಿಕ್. ಅದು ಕೆಮ್ಮಲ್ಲವೆಂದು ಕಿವಿಗೆ ಗೊತ್ತಾಗುವ ದಾರಿಯಿಲ್ಲ. ಆಮೇಲೆ ಕೆಂಪು ತೋಟಾ ಬಂದು ಅದರ ಬೆನ್ನಿಗೆ ಹೊಡೆಯುತ್ತದೆ. ತುರ್ಕಿಯ ಉಕ್ಕಾಗಲಿ ಇಟಲಿಯ ಉಕ್ಕಾಗಲಿ ಅದನ್ನು ತಡೆಯುವುದಿಲ್ಲ.

ವಾಲ್ಸಿನ್ ಆಸ್ಪತ್ರೆಯಿಂದ ಬಂದ ದಿನ ಲರ್ಲಿನ್ ಬಾವಿಯ ಹತ್ತಿರ ಹೋದಾಗ ನನ್ನನ್ನು ಕರೆದ.

"ಅತ್ತಿಗೆ, ಕೋಟು ಒಗೆದ್ರಾ?"

"ಒಗೆದೆ."

"ಜೇಬಲ್ಲಿ?"

"ನಿನಗೆ ಗೊತ್ತಿದೆ."

ಅವನು ಕಣ್ಣು ಮುಚ್ಚಿಕೊಂಡ. "ಅವ್ಳಿಗೆ ಹೇಳ್ಬೇಡಿ. ನಾನು ಸತ್ರೂ ಹೇಳ್ಬೇಡಿ. ಜೇಬು ನೋಡ್ಬೇಕಾಗಿದ್ದು ನಾನು. ಆದ್ರೆ ಅವ್ಳು ಹಂಗೆ ಅಂದ್ಕೊಳಲ್ಲ, ಅತ್ತಿಗೆ. ಅವ್ಳು ಆ ಕೈನ ದಿನಾ ನೋಡ್ಬೇಕು."

ಒಡೆದ ನಳಿಗೆಯನ್ನು ಎಲ್ರಿಕ್ ಕ್ಯಾಂಪಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಅದು ಬಾಯಿ ಬಿಟ್ಟುಕೊಂಡಿತ್ತು. ಬಂದ ಗಿರಾಕಿಗಳಿಗೆಲ್ಲ ತೋರಿಸುವನು. "ಅಗ್ಗದ್ದು ತಗೊಂಡ್ರೆ ಹಿಂಗೆ." ವಾಲ್ಸಿನ್‌ಗೆ ಹೇಳಿದ್ದು ಇಷ್ಟೇ. "ಗಿರಾಕಿ ಪಕ್ಕ ಬಾಂಬು ಇಟ್ಕೊಂಡು ಕೂತಿದ್ದೆ ಕಣೋ. ನಾನು ಮೊದಲೇ ಹೇಳಿದ್ದೆ."

ಕೋವಿಯ ತಪ್ಪಲ್ಲ ಎಂದು ಒಂದು ಮಾತು ಹೇಳಿದ್ದರೆ, ಹಾಗಾದರೆ ಯಾರ ತಪ್ಪು ಎಂದು ಕೇಳುತ್ತಿದ್ದರು. ವಾಲ್ಸಿನ್ ತಪ್ಪನ್ನು ಕೋವಿಯ ಮೇಲೇ ಬಿಟ್ಟು ದೋಣಿಯ ಕೆಲಸದಿಂದ ಇಳಿದ. ಆ ಚಳಿಗಾಲವೆಲ್ಲ ನನ್ನ ಎದುರು ಕೂತು ಬಲಗೈಯಲ್ಲಿ ಗರಿ ಕಿತ್ತ. ಬೆಳಗಿನ ಹೊತ್ತು ದೋಣಿಗಳು ಹೊರಡುವಾಗ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಲರ್ಲಿನ್ ಒಂದು ದಿನ ನನ್ನನ್ನು ಕೇಳಿದಳು. "ಅಕ್ಕಾ, ಅವತ್ತು ಕೋಟಿನ ಜೇಬಲ್ಲಿ ಏನಿತ್ತು?"

"ಒದ್ದೆ ಬಿಸ್ಕತ್ತು."

ಅವಳು ತಲೆಯಾಡಿಸಿದಳು. ಅವಳ ಸಣ್ಣ ಕೋವಿ ಅಷ್ಟರಲ್ಲೇ ಮಂಚದ ಕೆಳಗೆ ಹೋಗಿತ್ತು. ಹಿತ್ತಲ ಕೊಳದಲ್ಲಿ ನೀರುಕೋಳಿಗಳು ಹೆದರಿಕೆಯಿಲ್ಲದೆ ಕೊಬ್ಬಿದವು.

ಮುಂದಿನ ವರ್ಷ, ಬೇಟೆ ಶುರುವಾಗುವ ಹಿಂದಿನ ಮಧ್ಯಾಹ್ನ, ಎಲ್ರಿಕ್ ಎಲ್ಲರನ್ನೂ ಊಟಕ್ಕೆ ಕರೆದ. ಲರ್ಲಿನ್ ನನ್ನ ಜೊತೆ ಅಡಿಗೆಗೆ ನಿಂತಿದ್ದಳು. ವಾಲ್ಸಿನ್ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಉದ್ದನೆಯ ಮೇಜಿನ ಮೇಲೆ ಹೊಸ ಇಟಲಿ ಕೋವಿಗಳು ಮಲಗಿದ್ದವು, ದೋಣಿಗೊಂದರಂತೆ.

"ಈ ಕ್ಯಾಂಪಲ್ಲಿ ಇನ್ಮೇಲೆ ಬೇರೆ ಕೋವಿ ಇಲ್ಲ" ಎಂದ ಎಲ್ರಿಕ್. "ಎಲ್ಲ ಒಂದೇ, ಎಲ್ಲ ಒಳ್ಳೇದು. ಇನ್ನು ಹೆದರಿಕೆ ಅನ್ನೋದೇ ಇಲ್ಲ."

ಟಿ-ಜೂಲ್ ಒಂದನ್ನು ಎತ್ತಿ ಹೆಗಲಿಗಿಟ್ಟು ನೋಡಿದ. ತೋಟಾ ಸರಾಗವಾಗಿ ಹೋಗುತ್ತದೋ ನೋಡೋಣವೆಂದು ತನ್ನ ಕೋಟಿನ ಜೇಬಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೇಜಿನ ಮೇಲೆ ಚೆಲ್ಲಿದ. ಅವನ ಮಗಳೂ ಕೊಳದ ಹತ್ತಿರ ಬೇಟೆಯಾಡುವವಳು. ಕೆಂಪು, ಕೆಂಪು, ಕೆಂಪು. ಒಂದು ಹಳದಿ.

ಮೇಜಿನ ಸುತ್ತ ಇದ್ದವರು ಯಾರೂ ನೋಡಲಿಲ್ಲ. ವಾಲ್ಸಿನ್ ನೋಡಿದ. ಅವನು ಸ್ಟೂಲಿನಿಂದ ಅರ್ಧ ಎದ್ದ. ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ. ನನ್ನ ಕೈಯ ಅನ್ನದ ಪಾತ್ರೆ ಸುಡುತ್ತಿತ್ತು, ಇಡಬೇಕೆಂದು ನನಗೆ ತೋಚಲಿಲ್ಲ.

ಲರ್ಲಿನ್ ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು ಆ ಹಳದಿಯನ್ನು ಎತ್ತಿಕೊಂಡಳು.

"ಮಿಸ್ಟರ್ ಎಲ್ರಿಕ್, ಆ ಕೋವಿ ಖಾಲಿನಾ?"

"ಖಾಲಿನೇ. ಯಾಕೆ?"

ಅವಳು ಕೋವಿ ತೆಗೆದುಕೊಂಡಳು. ತೆರೆದ ಬಾಗಿಲಿನಾಚೆ, ಯಾರೂ ಇಲ್ಲದ ಗದ್ದೆಯ ಬದುವಿನ ಕಡೆಗೆ ನಳಿಗೆಯನ್ನು ತಗ್ಗಿಸಿ ಹಿಡಿದು, ಹಳದಿ ತೋಟಾವನ್ನು ಕೋವಿಯ ಬದಿಯ ಬಾಯಿಗೆ ಹಾಕಿದಳು. ಸಣ್ಣಗೆ ಜಾರಿದ ಸದ್ದು, ಆಮೇಲೆ ಟಕ್ ಎಂದು ನಿಂತ ಸದ್ದು.

"ಈಗ ನೋಡಿ."

ಎಲ್ರಿಕ್ ಬಗ್ಗಿ ನೋಡಿದ. "ಖಾಲಿ..." ಅಂದವನು ಅಲ್ಲಿಗೇ ನಿಲ್ಲಿಸಿದ.

ಅವಳು ಬೋಲ್ಟು ಬಿಟ್ಟಳು, ಧಡ್. ಟ್ರಿಗರ್ ಎಳೆದಳು.

ಕ್ಲಿಕ್.

"ಟಿ-ಜೂಲ್, ನೀನು ಮರೆಯಲ್ಲಿದ್ದೀಯ. ಕತ್ತಲು. ಗಿರಾಕಿ ನಿನ್ನೇ ನೋಡ್ತಿದ್ದಾನೆ. ಈಗೇನ್ಮಾಡ್ತೀಯ?"

"ಇನ್ನೇನು, ಎಳೆದು ಬಿಡ್..." ಟಿ-ಜೂಲ್‌ನ ಬಾಯಿ ಹಾಗೇ ನಿಂತಿತು. ಮೆಲ್ಲಗೆ ಗೋಡೆಯ ಮೇಲಿನ ಒಡೆದ ನಳಿಗೆಯ ಕಡೆ ತಿರುಗಿದ. ಎಲ್ಲರೂ ತಿರುಗಿದರು.

"ಆ ತಪ್ಪು ತುರ್ಕಿಯದಲ್ಲ, ನನ್ನದು" ಎಂದಳು ಲರ್ಲಿನ್. "ಹಿಂದಿನ ದಿನ ಆ ಕೋಟು ನಾನು ಹಾಕ್ಕೊಂಡಿದ್ದೆ."

ವಾಲ್ಸಿನ್ ಕೇಳಿದ. "ನಿಂಗೆ ಯಾವಾಗ ಗೊತ್ತಾಯ್ತು?"

"ಆಸ್ಪತ್ರೆ ದಾರೀಲೇ. ನಿನ್ನ ತಲೆ ನನ್ನ ತೊಡೆ ಮೇಲಿತ್ತು. ಜೇಬು ಯಾಕೆ ಭಾರ ಆಗಿತ್ತು ಅಂತ ಯೋಚಿಸ್ತಾ ಹೋದೆ."

"ವರ್ಷ ಪೂರ್ತಿ ಇದ್ರ ಬಗ್ಗೆ ಮಾತಾಡ್ಲಿಲ್ಲ ನೀನು."

"ನೀನು ಆಡಿದ್ಯಾ?"

ಅವನು ಎದ್ದು ಬಂದ. ಕೋವಿ ಒರೆಸುವ ಉದ್ದದ ಕಡ್ಡಿ ತೆಗೆದುಕೊಂಡು, ನಳಿಗೆಯನ್ನು ಬೇರೆ ಮಾಡಿ, ಮೂರು ಬೆರಳಿನ ಕೈಯಲ್ಲಿ ಅದನ್ನು ಹಿಡಿದು, ತುದಿಯಿಂದ ಮೆಲ್ಲಗೆ ತಳ್ಳಿದ. ಹಳದಿ ತೋಟಾ ಮೇಜಿನ ಮೇಲೆ ಬಿದ್ದು ಉರುಳಿ ಎಲ್ರಿಕ್‌ನ ತಟ್ಟೆಗೆ ತಾಗಿ ನಿಂತಿತು. ಅದನ್ನು ಮುಟ್ಟಲು ಯಾರೂ ಕೈ ಚಾಚಲಿಲ್ಲ.

ಎಲ್ರಿಕ್ ಎದ್ದು ಗೋಡೆಯ ಮೊಳೆಗಳ ಹತ್ತಿರ ಹೋದ. ಅಲ್ಲಿದ್ದ ಕೋಟುಗಳ ಜೇಬುಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದ. ಇನ್ನೊಂದರಲ್ಲೂ ಹಳದಿ ಬಂತು. ಆ ಕೋಟು ಅವನದೇ.

ಅವನು ಮೇಜಿಗೆ ಮರಳಿ ಬಂದು ಕೂತ. ಆಮೇಲೆ ಎಲ್ರಿಕ್ ತಟ್ಟೆ ನೋಡುತ್ತಲೇ ಹೇಳಿದ. "ನಾಳೆ ಕೊನೇ ಮರೆಗೆ ವಾಲ್ಸಿನ್ ದೋಣಿ ತಗೊಂಡು ಹೋಗ್ಲಿ. ಗಳ ಹಾಕೋಕೆ ಆಗುತ್ತಾ?"

"ಮೂರು ಬೆರಳು ಸಾಕು, ಮಿಸ್ಟರ್ ಎಲ್ರಿಕ್. ಗಳ ಏನು ಪಿಯಾನೊನಾ?"

ಬೆಳಗಿನ ಜಾವ ಅವನು ದೋಣಿ ಹತ್ತುವ ಮೊದಲು ಲರ್ಲಿನ್ ಅವನನ್ನು ಕ್ಯಾಂಪಿನ ದೀಪದ ಕೆಳಗೆ ನಿಲ್ಲಿಸಿ ಕೋಟಿನ ಎರಡೂ ಜೇಬುಗಳನ್ನು ಹೊರಗೆ ಎಳೆದಳು. ಕೆಂಪು ತೋಟಾಗಳನ್ನು ಒಂದೊಂದಾಗಿ ಅವನ ಅಂಗೈಗೆ ಇಟ್ಟಳು. ಜೇಬುಗಳನ್ನು ಮತ್ತೆ ಒಳಗೆ ತಳ್ಳಲು ಬಿಡಲಿಲ್ಲ. ನಾಯಿ ನಾಲಿಗೆ ಚಾಚಿದ ಹಾಗೆ ಎರಡೂ ಕಡೆ ಜೇಬು ನೇತಾಡಿಸಿಕೊಂಡು ಅವನು ಕತ್ತಲೊಳಗೆ ಹೋದ.

ನಾವಿಬ್ಬರೂ ಶೆಡ್ಡಿನಲ್ಲಿ ಕೂತೆವು. ಒಲೆಯ ಮೇಲೆ ನೀರು ಕುದಿಯತೊಡಗಿತು. ಕೊನೆಯ ಮರೆಯ ಕಡೆಯಿಂದ ಮೊದಲ ಸದ್ದು ಬಂತು. ಗದ್ದೆಯ ಮೇಲೆ ಉರುಳಿಕೊಂಡು ಬಂದು ನಮ್ಮನ್ನು ದಾಟಿ ಹೋಯಿತು. ಲರ್ಲಿನ್ ಉಸಿರು ಬಿಟ್ಟಳು.

ಆದರೆ ನಮ್ಮ ಕ್ಯಾಂಪಿನ ಮುಂದೆ ಹಾಯುವ ಕಾಲುವೆಯ ಉದ್ದಕ್ಕೂ ಬೇರೆ ಕ್ಯಾಂಪುಗಳಿವೆ. ಪ್ರತಿ ಹಿಂಬಾಗಿಲ ಮೊಳೆಯಲ್ಲೂ ಒಂದು ಕೋಟಿದೆ, ಜೇಬು ತುಂಬಿಕೊಂಡು ಕತ್ತಲಲ್ಲಿ ತೂಗುತ್ತದೆ. ಬಡಗಣ ಗಾಳಿ ಬೀಸಿದ ಬೆಳಿಗ್ಗೆ, ಎಲ್ಲ ಕಡೆಯ ಮೊದಲ ಸದ್ದು ಉರುಳಿ ಹೋಗುವ ತನಕ, ನನ್ನ ಕೈ ಇವತ್ತಿಗೂ ಗರಿ ಕೀಳುವುದಿಲ್ಲ.